ಕೆಸರಲ್ಲಿ ಕರೆಂಟು ಇದೆ, ಆದ್ರೆ ಎಷ್ಟು?

ಓದುಗರ ಪ್ರಶ್ನೆ, ಬೋಟ್ ವೈರಿಂಗ್‌ನವನ ಉತ್ತರ

ಶಾಲೆಯೊಂದರ ಮಕ್ಕಳು ಗಜನಿ (ಉಪ್ಪುನೀರು ನುಗ್ಗುವ ಕರಾವಳಿ ಗದ್ದೆ) ಕೆಸರಿನಿಂದ ದೀಪ ಹೊತ್ತಿಸಿದ ಫೋಟೋ ಮೊಬೈಲಿನಿಂದ ಮೊಬೈಲಿಗೆ ಓಡಾಡಿದ ಮೇಲೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ದಿಕ್ಕೇ ಬದಲಾಗಿದೆ. ಇನ್ವರ್ಟರ್, ಬಾವಿ ಪಂಪು, ಬೋಟಿನ ಬ್ಯಾಟರಿ ಎಲ್ಲ ಬಿಟ್ಟು ಜನ ಕೆಸರಿನ ಹಿಂದೆ ಬಿದ್ದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಕಾರವಾರದ ಬೈತಖೋಲದಲ್ಲಿ ಬೋಟುಗಳ ವೈರಿಂಗ್ ಮಾಡುತ್ತಲೇ ತಲೆ ನರೆತವನು ನಾನು. ಕಾಳಿ ನದಿ ಕೆಸರು ತುಂಬಿದ ಮಡಕೆ, ಡಬ್ಬಿಗಳು ನನ್ನ ಮನೆ ಜಗಲಿಯಲ್ಲೂ ಇವೆ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಬ್ಯಾಕ್ಟೀರಿಯಾ ಕರೆಂಟು ಕೊಡುತ್ತವೆ ಅನ್ನೋದು ನಿಜವಾ? ಕೆಸರಲ್ಲಿ ಅದು ಹೇಗೆ ಹುಟ್ಟುತ್ತದೆ?
– ಪಿಯುಸಿ ವಿದ್ಯಾರ್ಥಿನಿ, ಕಾರವಾರ

ನಿಜ. ಇಳಿತದ ಹೊತ್ತಿಗೆ ಕೋಡಿಬಾಗದ ಕಡೆ ಹೋಗಿ ಕೆಸರಿಗೆ ಒಂದು ಕೋಲು ಚುಚ್ಚಿ ತೆಗೆದು ನೋಡಿ. ಮೇಲಿನ ಕಂದು ಪದರ ಬೆರಳಿನಷ್ಟು ದಪ್ಪವೂ ಇರುವುದಿಲ್ಲ. ಅದರ ಕೆಳಗೆ ಕಪ್ಪು. ಕೊಳೆತ ಮೊಟ್ಟೆಯ ವಾಸನೆ. ಕಂದು ಪದರದವರೆಗೆ ಆಮ್ಲಜನಕ ಇಳಿಯುತ್ತದೆ, ಕಪ್ಪಿಗೆ ಇಳಿಯುವುದಿಲ್ಲ.

ಕೊಳೆತ ಎಲೆ, ಸತ್ತ ಏಡಿ, ಮೀನಿನ ಚೂರು ಎಲ್ಲ ಆ ಕಪ್ಪಿನಲ್ಲಿ ಬ್ಯಾಕ್ಟೀರಿಯಾಗಳ ಊಟ. ಯಾವ ಜೀವಿಯೇ ಆದರೂ ಊಟ ಅರಗಿಸಿದಾಗ ಎಲೆಕ್ಟ್ರಾನ್‌ಗಳು ಉಳಿಯುತ್ತವೆ. ಅವನ್ನು ಯಾರಿಗಾದರೂ ದಾಟಿಸಲೇಬೇಕು. ನಾವು ಉಸಿರಾಡಿ ಆಮ್ಲಜನಕಕ್ಕೆ ದಾಟಿಸುತ್ತೇವೆ. ಆಮ್ಲಜನಕ ಇಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾಗಳು ಕಬ್ಬಿಣದ ತುಕ್ಕಿಗೆ ದಾಟಿಸುತ್ತವೆ, ಕೆಲವು ಸಮುದ್ರದ ನೀರಿನ ಸಲ್ಫೇಟಿಗೆ. ಕೊಳೆತ ಮೊಟ್ಟೆ ವಾಸನೆ ಈ ಎರಡನೆಯವರ ಕೆಲಸ. ಅಲ್ಲಿ ನಾವು ಒಂದು ಗ್ರಾಫೈಟ್ ಕಡ್ಡಿ, ಅಂದರೆ ಕರೆಂಟು ಹರಿಸುವ ಕಾರ್ಬನ್, ಹುಗಿದಿಟ್ಟರೆ ತುಕ್ಕಿಗೆ ಕೊಡುತ್ತಿದ್ದದ್ದನ್ನು ಕಡ್ಡಿಗೇ ಕೊಡುತ್ತವೆ. ಇನ್ನೊಂದು ಕಡ್ಡಿಯನ್ನು ಮೇಲಿನ ನೀರಿನಲ್ಲಿಟ್ಟು ಎರಡನ್ನೂ ತಂತಿಯಿಂದ ಸೇರಿಸಿದರೆ ಎಲೆಕ್ಟ್ರಾನ್‌ಗಳು ತಂತಿಯಲ್ಲಿ ಮೇಲೆ ಬಂದು ನೀರಿನ ಆಮ್ಲಜನಕವನ್ನು ಸೇರುತ್ತವೆ. ತಂತಿಯಲ್ಲಿ ಹರಿದದ್ದೇ ಕರೆಂಟು. ಈ ಜೋಡಣೆಗೇ ಸೂಕ್ಷ್ಮಜೀವಿ ವಿದ್ಯುತ್ ಕೋಶ ಅನ್ನುವುದು.

ಇದು ಹೊಸ ಸುದ್ದಿ ಏನಲ್ಲ. ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಎಂ. ಸಿ. ಪಾಟರ್ 1911ರಲ್ಲೇ ಯೀಸ್ಟ್ ಮತ್ತು ಬ್ಯಾಕ್ಟೀರಿಯಾದಿಂದ ವೋಲ್ಟೇಜ್ ಬರುವುದನ್ನು ತೋರಿಸಿದ್ದರು. ಆಮೇಲೆ ತುಂಬ ವರ್ಷ ಯಾರೂ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. 1987ರಲ್ಲಿ ಅಮೆರಿಕದ ಡೆರೆಕ್ ಲವ್ಲಿ ವಾಷಿಂಗ್ಟನ್ ಹತ್ತಿರದ ಪೊಟೊಮ್ಯಾಕ್ ನದಿಯ ಕೆಸರಿನಿಂದ ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೇರ್ಪಡಿಸಿದರು. ತುಕ್ಕಿಗೆ ಎಲೆಕ್ಟ್ರಾನ್ ದಾಟಿಸುವ ಜಾತಿ ಅದು. ಸಿಹಿನೀರಿನ ಕೆಸರಲ್ಲಿ ಕಡ್ಡಿಗೆ ಅಂಟಿಕೊಳ್ಳುವವು ಹೆಚ್ಚಾಗಿ ಇವೇ. ಉಪ್ಪು ಕೆಸರಲ್ಲಿ ಅವುಗಳ ಹತ್ತಿರದ ನೆಂಟ ಡೀಸಲ್ಫ್ಯುರೊಮೊನಾಸ್ ಜಾಸ್ತಿ. ಯಾವ ಅಂಗಡಿಯಿಂದಲೂ ತರಬೇಕಾಗಿಲ್ಲ. ಕೆಸರಿನ ಜೊತೆಗೇ ಬರುತ್ತವೆ.

ನಮ್ಮ ಮಕ್ಕಳು ನಾಲ್ಕು ಡಬ್ಬಿಯಲ್ಲಿ ಗಜನಿ ಕೆಸರು ತುಂಬಿ, ಒಂದೊಂದರಲ್ಲೂ ತಾಮ್ರದ ಪಟ್ಟಿ ಮತ್ತು ಜಿಂಕ್ ಹಚ್ಚಿದ ಮೊಳೆ ಇಟ್ಟು, ಕೆಂಪು ಎಲ್‌ಇಡಿ ಹೊತ್ತಿಸಿದ್ದಾರೆ. ಒಂದು ಡಬ್ಬಿಗೆ 0.9 ವೋಲ್ಟ್ ಬರುತ್ತಿದೆ. ಜಿಲ್ಲಾ ಮಟ್ಟಕ್ಕೆ 'ಸೂಕ್ಷ್ಮಜೀವಿ ವಿದ್ಯುತ್ ಕೋಶ' ಅಂತ ಕಳಿಸಬಹುದಾ?
– ಪ್ರೌಢಶಾಲಾ ಶಿಕ್ಷಕರು, ಅಂಕೋಲಾ ತಾಲ್ಲೂಕು

ಮೇಷ್ಟ್ರೇ, ಮಕ್ಕಳಿಗೆ ಬೇಜಾರು ಮಾಡಬೇಡಿ. ಆದರೆ ಆ ಹೆಸರಿನಲ್ಲಿ ಕಳಿಸಬೇಡಿ. ಅದು ಜಿಂಕ್-ತಾಮ್ರದ ಬ್ಯಾಟರಿ. ಕೆಸರು ಅಲ್ಲಿ ಬರೀ ಉಪ್ಪುನೀರಿನ ಕೆಲಸ ಮಾಡುತ್ತಿದೆ. ಕರೆಂಟು ಬರುತ್ತಿರುವುದು ಜಿಂಕ್, ಅಂದರೆ ಸತು, ಕರಗುವುದರಿಂದ.

ಇದು ಬೋಟಿನವರಿಗೆಲ್ಲ ಗೊತ್ತಿರುವ ವಿಷಯ. ಸ್ಟೀಲ್ ಬೋಟಿನ ತಳಕ್ಕೆ, ಪ್ರೊಪೆಲ್ಲರ್ ಹತ್ತಿರ, ಸತುವಿನ ಗಟ್ಟಿ ಯಾಕೆ ಕಟ್ಟುತ್ತಾರೆ? ಉಪ್ಪುನೀರಲ್ಲಿ ಎರಡು ಬೇರೆ ಬೇರೆ ಲೋಹ ತಂತಿಯಿಂದ ಸೇರಿದರೆ ಅವುಗಳಲ್ಲಿ ಬಡವ ಕರಗುತ್ತಾನೆ. ಸತು ಕರಗಲಿ, ಸ್ಟೀಲ್ ಉಳಿಯಲಿ ಅಂತ ಕಟ್ಟುವುದು. ಬೋಟನ್ನು ದಡಕ್ಕೆ ಎಳೆದಾಗ ಹಳೆ ಗಟ್ಟಿ ಬಿಚ್ಚಿ ನೋಡಬೇಕು ನೀವು. ಅಂಚೆಲ್ಲ ತಿಂದುಹೋಗಿ, ಮೈತುಂಬ ಗುಳಿಬಿದ್ದು, ಮೇಲೆ ಬಿಳಿ ಹಿಟ್ಟು ಕೂತಿರುತ್ತದೆ. ನಿಮ್ಮ ಮಕ್ಕಳ ಮೊಳೆಯನ್ನೂ ಹೊರಗೆ ತೆಗೆದು ತೊಳೆಯಿರಿ. ಅದೇ ಗುಳಿ, ಅದೇ ಬಿಳಿ ಹಿಟ್ಟು ಕಾಣುತ್ತದೆ.

"ತಿಂಗಳಾದರೂ ಆರಿಲ್ಲ ಸರ್" ಎಂದು ಪತ್ರದಲ್ಲಿ ಬರೆದಿದ್ದೀರಿ. ಆರುವುದಿಲ್ಲ. ಒಂದೇ ಒಂದು ಗ್ರಾಂ ಸತು 820 ಮಿಲಿಆಂಪ್-ಗಂಟೆ ಕರೆಂಟು ಕೊಡಬಲ್ಲದು. ಮಂದ ಬೆಳಕಿಗೆ 1 ಮಿಲಿಆಂಪ್ ಸಾಕು. ಅಂದರೆ ಗ್ರಾಂ ಸತುವಿಗೆ 34 ದಿನ. ತಿಂಗಳು ಉರಿದದ್ದು ಬ್ಯಾಕ್ಟೀರಿಯಾಕ್ಕೆ ಸಾಕ್ಷಿ ಆಗುವುದಿಲ್ಲ.

ನಿಜವಾದ ಕೋಶವೋ ಅಲ್ಲವೋ ಅಂತ ಪತ್ತೆ ಮಾಡುವುದು ಸುಲಭ. ಮೊದಲು, ಎರಡೂ ಕಡೆ ಒಂದೇ ವಸ್ತು ಇಡಿ, ಗ್ರಾಫೈಟ್ ಮತ್ತು ಗ್ರಾಫೈಟ್. ಆಗ ಲೋಹಗಳ ಜಗಳ ಇರುವುದಿಲ್ಲ. ಆಮೇಲೆ ಕಾಯಿರಿ. ಜಿಂಕ್-ತಾಮ್ರ ಇಟ್ಟ ನಿಮಿಷದಲ್ಲೇ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬ್ಯಾಕ್ಟೀರಿಯಾಗಳಿಗೆ ಕಡ್ಡಿಯ ಮೇಲೆ ನೆಲೆಯೂರಲು ಸಮಯ ಬೇಕು. ನನ್ನ ಡಬ್ಬಿಗಳಲ್ಲಿ ಮೊದಲ ದಿನ ಮೀಟರಿನ ಕೊನೆಯ ಅಂಕಿಗಳು ಮಾತ್ರ ಅಲ್ಲಾಡುತ್ತವೆ. ಎರಡು ಮೂರು ದಿನ ಏನೂ ಇಲ್ಲ ಅನಿಸುತ್ತದೆ. ಆಮೇಲೆ ಒಂದು ಬೆಳಗ್ಗೆ ನೋಡಿದರೆ ನೂರು ದಾಟಿರುತ್ತದೆ, ವಾರ ಎರಡು ವಾರದಲ್ಲಿ 400-500 ಮಿಲಿವೋಲ್ಟ್‌ಗೆ ಬಂದು ನಿಲ್ಲುತ್ತದೆ. ಮೂರನೆಯದು, ಅದೇ ಕೆಸರನ್ನು ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಆರಿಸಿ ಪಕ್ಕದಲ್ಲಿ ಇನ್ನೊಂದು ಡಬ್ಬಿ ಇಡಿ. ಅದು ತುಂಬ ಹಿಂದೆ ಬೀಳಬೇಕು. ಕುಕ್ಕರು ಹಳೆಯದಾಗಿರಲಿ, ಮನೆಯವರನ್ನು ಕೇಳಿ ತನ್ನಿ.

ಬೇಯಿಸಿದ, ಬೇಯಿಸದ ಎರಡೂ ಡಬ್ಬಿಗಳನ್ನು ಪಕ್ಕ ಪಕ್ಕ ಇಟ್ಟು ವ್ಯತ್ಯಾಸ ತೋರಿಸಿದರೆ ಅದು ಮೊದಲಿನದಕ್ಕಿಂತ ಒಳ್ಳೆ ಪ್ರಾಜೆಕ್ಟ್. ಎಲ್‌ಇಡಿ ಹೊತ್ತುವುದಿಲ್ಲ, ಅದೊಂದು ಸಮಸ್ಯೆ. ತೀರ್ಪುಗಾರರಿಗೆ ಬೆಳಕು ಕಾಣಬೇಕಲ್ವಾ!

ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ? ಆನ್‌ಲೈನಿನಲ್ಲಿ ನೋಡಿದರೆ ಪೊರೆಯೊಂದಕ್ಕೇ ಸಾವಿರಾರು ರೂಪಾಯಿ ಹೇಳುತ್ತಾರೆ.
– ಡಿಪ್ಲೊಮಾ ವಿದ್ಯಾರ್ಥಿ, ಕುಮಟಾ

ಆ ಪೊರೆಯ ಹೆಸರು ನೇಫಿಯಾನ್, ಎರಡು ಕಡ್ಡಿಗಳ ನಡುವೆ ಇಡುವ ತೆಳು ಹಾಳೆ. ನಿಮಗೆ ಬೇಡ. ಬದಲಿಗೆ ಸಂತೆಯಲ್ಲಿ ಸಿಗುವ ಮಣ್ಣಿನ ಮಡಕೆ ತನ್ನಿ.

ಸುಟ್ಟ ಮಣ್ಣಿನಲ್ಲಿ ಸಣ್ಣ ರಂಧ್ರ ಇರುತ್ತವೆ. ಆ ತೇವದ ದಾರಿಯಲ್ಲಿ ಅಯಾನುಗಳು, ಅಂದರೆ ಕರೆಂಟು ಹೊತ್ತ ಕಣಗಳು, ದಾಟುತ್ತವೆ, ಆದರೆ ಹೊರಗಿನ ಆಮ್ಲಜನಕ ಒಳಗೆ ನುಗ್ಗುವುದು ಕಡಿಮೆ. ಪೊರೆ ಮಾಡುವ ಕೆಲಸವೂ ಇದೇ. ಖರಗಪುರದ ಐಐಟಿಯಲ್ಲಿ ಎಂ. ಎಂ. ಘಾಂಗ್ರೇಕರ್ ಅವರ ತಂಡ ಅಕ್ಕಿ ಮಿಲ್ಲಿನ ಕೊಳೆ ನೀರಿನಲ್ಲಿ ಮಡಕೆ ಮತ್ತು ಪೊರೆ ಎರಡನ್ನೂ ಹೋಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿತು. ಮಡಕೆಯೇ ಗೆದ್ದಿತ್ತು. ಕುಚ್ಚಲಕ್ಕಿ ತಿನ್ನುವ ಕರಾವಳಿಯವರು ಇದನ್ನು ಗಮನಿಸಬೇಕು. ಭತ್ತ ಬೇಯಿಸಿದ ನೀರು ನಮ್ಮಲ್ಲೂ ಸುಮ್ನೆ ಗಟಾರಕ್ಕೆ ಹೋಗುತ್ತದೆ.

ಮಡಕೆ ಆರಿಸುವಾಗ: ಎರಡು ಲೀಟರಿನದು ಸಾಕು. ಗೋಡೆ ತೆಳ್ಳಗಿರಲಿ, ನಾಲ್ಕೈದು ಮಿಲಿಮೀಟರ್. ಬಣ್ಣ, ವಾರ್ನಿಶ್, ಹೊಳಪು ಏನೂ ಬೇಡ. ಮೀನು ಸಾರು ಮಾಡಿ ಎಣ್ಣೆ ಕುಡಿದ ಮಡಕೆಯೂ ಬೇಡ, ರಂಧ್ರ ಮುಚ್ಚಿರುತ್ತವೆ. ತಂದ ಮೇಲೆ ಒಂದು ದಿನ ನೀರಲ್ಲಿ ನೆನೆಸಿ. ಹೊರಮೈ ಬೆವರಿದರೆ ಒಳ್ಳೆ ಮಡಕೆ, ತೊಟ್ಟಿಕ್ಕಿದರೆ ಬಿರುಕು ಇದೆ ಅಂತ ಅರ್ಥ.

ಕಡ್ಡಿಗೆ ಹಳೆ ಟಾರ್ಚ್ ಸೆಲ್. ದಪ್ಪ ಸೆಲ್ಲಿನ ನಡುವೆ ಸುಮಾರು 8 ಮಿಲಿಮೀಟರ್ ದಪ್ಪದ ಕರಿ ಕಡ್ಡಿ ಇರುತ್ತದೆ. ಸಾದಾ ಜಿಂಕ್-ಕಾರ್ಬನ್ ಸೆಲ್ ಮಾತ್ರ ಬಿಚ್ಚಿ. ಆಲ್ಕಲೈನ್ ಸೆಲ್ಲಿನಲ್ಲಿ ಕಡ್ಡಿ ಇಲ್ಲ, ಕೈ ಸುಡುವ ಕ್ಷಾರ ಇದೆ. ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು ಮುಟ್ಟಲೇಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ. ಕೈಗೆ ಗವಸು ಹಾಕಿ, ಇಕ್ಕಳದಿಂದ ಕಡ್ಡಿ ಎಳೆಯಿರಿ. ಈಗ ಯಾರೂ ಹೇಳದ ಎರಡು ವಿಷಯ. ಕಡ್ಡಿಗೆ ಮೇಣ ಹಿಡಿಸಿರುತ್ತಾರೆ, ಮೇಣ ಇದ್ದರೆ ಬ್ಯಾಕ್ಟೀರಿಯಾ ಅಂಟುವುದಿಲ್ಲ. ಅಂಗಳದಲ್ಲಿ ಬೆಂಕಿ ಮೇಲೆ ಹೊಗೆ ನಿಲ್ಲುವವರೆಗೆ ಕಾಯಿಸಿ. ಇನ್ನೊಂದು, ಕಡ್ಡಿಗೆ ಮೆತ್ತಿದ ಕರಿ ಪುಡಿ ಮ್ಯಾಂಗನೀಸ್ ಡೈಆಕ್ಸೈಡ್. ಅದು ಉಳಿದರೆ ತಾನೇ ಬ್ಯಾಟರಿಯ ಹಾಗೆ ವೋಲ್ಟೇಜ್ ಕೊಟ್ಟು ಮೋಸ ಮಾಡುತ್ತದೆ. ಮರಳು ಕಾಗದದಿಂದ ಉಜ್ಜಿ, ತೊಳೆಯಿರಿ. ದುಡ್ಡಿದ್ದರೆ ಕಾರ್ಬನ್ ಫೆಲ್ಟ್ ಅನ್ನುವ ಕಂಬಳಿಯಂಥ ಬಟ್ಟೆ ಸಿಗುತ್ತದೆ. ಅದರ ಎಳೆ ಎಳೆಯ ಮೇಲೂ ಬ್ಯಾಕ್ಟೀರಿಯಾಕ್ಕೆ ಜಾಗ ಇರುವುದರಿಂದ ಕಡ್ಡಿಗಿಂತ ತುಂಬ ಮೇಲು.

ತೆಂಗಿನ ಗೆರಟೆ ಇದ್ದಿಲು ಆಗುತ್ತದಾ ಅಂತ ಬಹಳ ಜನ ಕೇಳಿದ್ದಾರೆ. ಒಲೆಯಲ್ಲಿ ಸುಟ್ಟದ್ದು ಆಗುವುದಿಲ್ಲ. ಸುಮಾರು 700-800 ಡಿಗ್ರಿಗಿಂತ ಮೇಲೆ ಕಾಯದ ಇದ್ದಿಲಿನಲ್ಲಿ ಕರೆಂಟು ಹರಿಯುವುದು ಕಷ್ಟ. ಮೀಟರಿನ ಎರಡು ಮೊನೆ ಇಟ್ಟು ನೋಡಿ. ನೂರರ ಒಳಗಿನ ಓಮ್ ತೋರಿಸಿದರೆ ಇಟ್ಟುಕೊಳ್ಳಿ, ಲಕ್ಷಗಟ್ಟಲೆ ತೋರಿಸಿದರೆ ಒಲೆಗೆ ಹಾಕಿ. ಆದರೆ ಕಾರ್ಖಾನೆಯಲ್ಲಿ ಗೆರಟೆಯಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್ ಇದೆಯಲ್ಲ, ನೀರಿನ ಫಿಲ್ಟರಿನಲ್ಲಿ ಹಾಕುವಂಥದ್ದು, ಅದನ್ನು ಮೇಲಿನ ಕಡ್ಡಿಯ ಸುತ್ತ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದರೆ ಆಮ್ಲಜನಕದ ಕಡೆಯ ಕೆಲಸ ಚುರುಕಾಗುತ್ತದೆ. ಪ್ರಯೋಗಾಲಯದವರು ಅಲ್ಲಿಗೆ ಪ್ಲಾಟಿನಂ ಹಚ್ಚುತ್ತಿದ್ದರು. ಈಗ ಅವರೂ ಇದಕ್ಕೇ ಬಂದಿದ್ದಾರೆ.

ಜೋಡಿಸುವುದು ಹೀಗೆ. ಮಡಕೆಯೊಳಗೆ ಕಪ್ಪು ಕೆಸರು ಅರ್ಧ, ಅಕ್ಕಚ್ಚು (ಅಕ್ಕಿ ತೊಳೆದ ನೀರು) ಅರ್ಧ. ನಾಲ್ಕೈದು ಕಡ್ಡಿ ಒಟ್ಟಿಗೆ ಕಟ್ಟಿ ಮುಳುಗಿಸಿ. ಬಾಯಿ ಮುಚ್ಚಿ, ಗಾಳಿ ಹೋಗದ ಹಾಗೆ ಜೇಡಿ ಮೆತ್ತಿ, ಗ್ಯಾಸಿಗೆ ಸೂಜಿಯಷ್ಟು ತೂತು ಬಿಡಿ. ಮಡಕೆಯನ್ನು ಬಕೆಟ್ಟಿನಲ್ಲಿಟ್ಟು ಸುತ್ತ ನೀರು, ಲೀಟರಿಗೆ ಒಂದು ಚಮಚ ಸಾಣಿಕಟ್ಟಾ ಉಪ್ಪು. ಹೊರಗಿನ ಕಡ್ಡಿಗಳು ನೀರಿನ ಮೇಲ್ಮೈ ಹತ್ತಿರವೇ ಇರಲಿ, ಥರ್ಮೋಕೋಲ್ ತುಂಡಿಗೆ ಸಿಕ್ಕಿಸಿ ತೇಲಿಬಿಟ್ಟರೂ ಆಯಿತು.

ಹಾಳಾಗುವುದು ಯಾವಾಗಲೂ ಜೋಡಣೆಯಲ್ಲಿ. ತಾಮ್ರದ ತಂತಿ ಉಪ್ಪುನೀರಿಗೆ ತಾಗಿದರೆ ಹಸಿರಾಗಿ ತುಂಡಾಗುತ್ತದೆ, ಅಷ್ಟು ದಿನ ಸುಳ್ಳು ವೋಲ್ಟೇಜನ್ನೂ ಕೊಡುತ್ತದೆ. ಕಡ್ಡಿಯ ತಲೆ ನೀರಿನಿಂದ ಮೇಲಿರಲಿ, ಅಲ್ಲೇ ತಂತಿ ಸುತ್ತಿ ಎಂ-ಸೀಲ್ ಮೆತ್ತಿ. ನೀರೊಳಗೆ ತಂತಿ ಹೋಗಲೇಬೇಕೆಂದರೆ ಬೋಟಿನ ಸಾಮಾನಿನ ಅಂಗಡಿಯಲ್ಲಿ 316 ನಂಬರಿನ ಸ್ಟೀಲ್ ತಂತಿ ಕೇಳಿ. 304 ಕೊಟ್ಟರೆ ತಗೋಬೇಡಿ, ಉಪ್ಪಿನಲ್ಲಿ ತೂತು ಬೀಳುತ್ತದೆ.

ಶಾಕ್ ಹೊಡೆಯುತ್ತದಾ?
– ಗೃಹಿಣಿ, ಹೊನ್ನಾವರ

ಇಲ್ಲ. ಅರ್ಧ ವೋಲ್ಟ್ ನಿಮಗೆ ಗೊತ್ತೇ ಆಗುವುದಿಲ್ಲ. ಆದರೆ ಆ ಮಡಕೆಯನ್ನು ಅಡುಗೆಮನೆಯಲ್ಲಿ ಇಡಲು ಬಿಡಬೇಡಿ. ವಾಸನೆಯ ಗ್ಯಾಸು ಹೈಡ್ರೋಜನ್ ಸಲ್ಫೈಡ್, ಮುಚ್ಚಿದ ಕೋಣೆಯಲ್ಲಿ ಜಾಸ್ತಿಯಾದರೆ ವಿಷ.

ನಮ್ಮಲ್ಲಿ ನಾಲ್ಕು ಹಸು, ಗೋಬರ್ ಗ್ಯಾಸ್ ಇದೆ. ಅದನ್ನು ತೆಗೆದು ಸೆಗಣಿಯನ್ನು ಈ ಕೋಶಕ್ಕೆ ಹಾಕಿದರೆ ಮನೆಗೆ ಲೈಟ್ ಆದೀತಾ? ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ. ಅಡಿಕೆ ಬೇಯಿಸಿದ ಚೊಗರನ್ನೂ ಬಳಸಬಹುದಾ?
– ಅಡಿಕೆ ಕೃಷಿಕರು, ಶಿರಸಿ ತಾಲ್ಲೂಕು

ಗೋಬರ್ ಗ್ಯಾಸನ್ನು ದಯವಿಟ್ಟು ತೆಗೆಯಬೇಡಿ.

ಲೆಕ್ಕ ಹಾಕೋಣ. ನಾಲ್ಕು ಹಸುವಿಗೆ ದಿನಕ್ಕೆ 40 ಕೆಜಿ ಸೆಗಣಿ ಅಂದುಕೊಳ್ಳಿ. ಕೆಜಿಗೆ ಸುಮಾರು 0.04 ಘನ ಮೀಟರ್ ಗ್ಯಾಸ್. ಒಟ್ಟು 1.6 ಘನ ಮೀಟರ್. ಘನ ಮೀಟರಿಗೆ ಐದಾರು ಯೂನಿಟ್ಟಿನಷ್ಟು ಶಾಖ. ಅಂದರೆ ದಿನಕ್ಕೆ ಎಂಟೊಂಬತ್ತು ಯೂನಿಟ್ಟಿನ ಬೆಂಕಿ ನಿಮ್ಮ ಒಲೆಗೆ ಬರುತ್ತಿದೆ. ಈ ಕಡೆ ಸೂಕ್ಷ್ಮಜೀವಿ ಕೋಶ. ಘನ ಮೀಟರಿಗೆ 2 ವ್ಯಾಟ್ ಅಂತ ಧಾರಾಳವಾಗಿ ಹಿಡಿಯೋಣ. ನಿಮ್ಮ ಗುಂಡಿಯಷ್ಟೇ ದೊಡ್ಡ, ಎರಡು ಘನ ಮೀಟರಿನ ತೊಟ್ಟಿ ಕಟ್ಟಿದರೆ 4 ವ್ಯಾಟ್. ದಿನವಿಡೀ ನಡೆದರೂ ಯೂನಿಟ್ಟಿನ ಹತ್ತನೇ ಒಂದು ಪಾಲು. ಅದೂ ಕಾಗದದ ಮೇಲೆ. ಸಣ್ಣ ಮಡಕೆಯಲ್ಲಿ ಸಿಗುವ ಲೆಕ್ಕ ದೊಡ್ಡ ತೊಟ್ಟಿಯಲ್ಲಿ ಸಿಗುವುದಿಲ್ಲ, ಕಡ್ಡಿಗಳ ನಡುವಿನ ದೂರ ಹೆಚ್ಚಿದಂತೆ ಒಳಗಿನ ತಡೆ ಜಾಸ್ತಿಯಾಗುತ್ತದೆ. ಕಾರ್ಬನ್ನಿಗೆ ಸುರಿಯುವ ದುಡ್ಡಿನಲ್ಲಿ ಒಂದು ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ ಬರುತ್ತದೆ. ನಿಮ್ಮ ಊರಿನ ಮಳೆಗಾಲದಲ್ಲಿ ಅದರ ಅರ್ಧವೂ ಸಿಗದಿದ್ದರೂ ಇದಕ್ಕಿಂತ ಎಷ್ಟೋ ವಾಸಿ.

ಬರೀ ಕೆಸರಿನ ಲೆಕ್ಕ ಇನ್ನೂ ಬಡವು. ಹುಗಿದಿಟ್ಟ ಕಡ್ಡಿಗೆ ಚದರ ಮೀಟರಿಗೆ 20 ಮಿಲಿವ್ಯಾಟ್ ಬಂದರೆ ಸರಿಯಾಗಿದೆ ಅನ್ನಬೇಕು. ಒಂದು 9 ವ್ಯಾಟ್ ಬಲ್ಬ್ ಉರಿಸಲು 450 ಚದರ ಮೀಟರ್ ಬೇಕು. ನಿಮಗೆ ಅರ್ಥವಾಗುವ ಲೆಕ್ಕದಲ್ಲಿ ನಾಲ್ಕೂವರೆ ಗುಂಟೆ. ಒಂದು ಬಲ್ಬಿಗೆ!

ಚೊಗರಿನಲ್ಲಿ ಟ್ಯಾನಿನ್ ತುಂಬಾ. ನಾಲಿಗೆ ಹಿಡಿಯುವ ಒಗರು ಅದೇ. ದಪ್ಪಗಿದ್ದರೆ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಅದನ್ನು ಬಣ್ಣಕ್ಕೇ ಇಟ್ಟುಕೊಳ್ಳಿ. ಗೋಬರ್ ಗ್ಯಾಸಿನಿಂದ ಹೊರಬರುವ ಬಗ್ಗಡ ಹೇಗೂ ತೋಟಕ್ಕೆ ಹೋಗುತ್ತದೆ. ಕುತೂಹಲಕ್ಕೆ ಅದರಲ್ಲಿ ಒಂದು ಮಡಕೆ ತುಂಬಿಸಿ ನೋಡಿ, ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಅದರಲ್ಲಿ ಆಗಲೇ ಇರುತ್ತವೆ.

ವೋಲ್ಟೇಜ್ ಕಡಿಮೆ ಅಂದ್ರೆ ಹತ್ತು ಜೊತೆ ಕಡ್ಡಿ ಹೊಳೆಯಲ್ಲಿ ಹುಗಿದು ಸೆಲ್ ಜೋಡಿಸಿದ ಹಾಗೆ ಸಾಲಾಗಿ ಜೋಡಿಸಿದರೆ ಆಯ್ತಲ್ಲ?
– ಮೀನುಗಾರರು, ತದಡಿ

ಆಗುವುದಿಲ್ಲ. ಕಾರಣ ಅಘನಾಶಿನಿಯ ನೀರೇ. ಎಲ್ಲ ಕಡ್ಡಿಗಳೂ ಒಂದೇ ಕೆಸರಲ್ಲಿ, ಒಂದೇ ಉಪ್ಪುನೀರಲ್ಲಿ ನಿಂತಿವೆ. ನೀವು ಮೇಲೆ ಬೇರೆ ಮಾಡಿದ್ದನ್ನು ಕೆಳಗೆ ನೀರು ಸೇರಿಸಿಬಿಡುತ್ತದೆ. ಸಾಲಿನ ಜೋಡಣೆಗೆ ಒಂದೊಂದು ಕೋಶವೂ ಬೇರೆ ಬೇರೆ ಮಡಕೆ, ಬೇರೆ ಬೇರೆ ಬಕೆಟ್ಟಿನಲ್ಲಿ ಇರಬೇಕು.

ಹಾಗಿಟ್ಟರೂ ಒಂದು ಕಾಟ ಇದೆ. ಸಾಲಿನಲ್ಲಿ ಒಂದು ಮಡಕೆಗೆ ಊಟ ಕಡಿಮೆಯಾಗಿ ದುರ್ಬಲವಾದರೆ ಉಳಿದವು ಅದರೊಳಗೆ ಕರೆಂಟನ್ನು ಬಲವಂತವಾಗಿ ನೂಕುತ್ತವೆ. ಅದರ ಪ್ಲಸ್-ಮೈನಸ್ ತಿರುಗುಮುರುಗಾಗುತ್ತದೆ. ಒಂದು ಸಲ ತಿರುಗಿದರೆ ಕಡ್ಡಿ ಮೇಲಿನ ಬ್ಯಾಕ್ಟೀರಿಯಾಗಳಿಗೂ ಪೆಟ್ಟು.

ಸರಿಯಾದ ದಾರಿ, ಎಲ್ಲವನ್ನೂ ಸಮಾನಾಂತರ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಿ ವೋಲ್ಟೇಜನ್ನು ಸರ್ಕಿಟ್‌ನಿಂದ ಏರಿಸುವುದು. ಬಳಲಿದ ಸೆಲ್ಲಿನಿಂದ ಎಲ್‌ಇಡಿ ಹೊತ್ತಿಸಲು ಮಕ್ಕಳು ಮಾಡುವ 'ಜೂಲ್ ಥೀಫ್' ಸರ್ಕಿಟ್ ಇಲ್ಲಿ ಸಾಮಾನ್ಯವಾಗಿ ಶುರುವೇ ಆಗುವುದಿಲ್ಲ. ಸಿಲಿಕಾನ್ ಟ್ರಾನ್ಸಿಸ್ಟರಿಗೆ 0.6 ವೋಲ್ಟ್ ಬೇಕು, ಕೋಶ ಕೆಲಸ ಮಾಡುವಾಗ ಕೊಡುವುದು 0.3-0.4. ಹಳೆ ರೇಡಿಯೋದ ಜರ್ಮೇನಿಯಂ ಟ್ರಾನ್ಸಿಸ್ಟರ್ ಸಿಕ್ಕರೆ ನಡೆಯುತ್ತದೆ. ಇಲ್ಲವಾದರೆ ಎಲ್‌ಟಿಸಿ 3108 ಎಂಬ ಚಿಪ್ ಇದೆ, ಸರಿಯಾದ ಪುಟ್ಟ ಟ್ರಾನ್ಸ್‌ಫಾರ್ಮರ್ ಜೊತೆಗಿದ್ದರೆ 20 ಮಿಲಿವೋಲ್ಟ್‌ನಿಂದಲೇ ಕೆಲಸ ಶುರುಮಾಡುತ್ತದೆ. ಅದರಿಂದ, ಕರೆಂಟು ಕೂಡಿಡುವ 1 ಫ್ಯಾರಡ್ ಸೂಪರ್ ಕೆಪಾಸಿಟರ್ ತುಂಬಿಸಿ. ನಾಲ್ಕೈದು ಕಡ್ಡಿಯ ಮಡಕೆ 0.09 ಮಿಲಿವ್ಯಾಟ್ ಕೊಟ್ಟರೆ, ಅರ್ಧ ನಷ್ಟ ಕಳೆದು, 3.3 ವೋಲ್ಟ್ ತುಂಬಲು ಸುಮಾರು ಒಂದೂವರೆ ದಿನ. ಆಮೇಲೆ ಒಂದು ಸಣ್ಣ ಎಲ್‌ಇಡಿ ಐದಾರು ನಿಮಿಷ ಹೊತ್ತುತ್ತದೆ. ಇಷ್ಟೇ.

ಹಾಗಾದರೆ ಇದರಿಂದ ಉಪಯೋಗವೇ ಇಲ್ವಾ? ಎಲ್ಲರ ಉತ್ಸಾಹಕ್ಕೂ ತಣ್ಣೀರು ಹಾಕ್ತೀರಿ.
– ಅದೇ ಕುಮಟಾದ ವಿದ್ಯಾರ್ಥಿ, ಎರಡನೇ ಪತ್ರ

ತಣ್ಣೀರಲ್ಲ ತಮ್ಮಾ. ಇದನ್ನು ಮನೆ ಬೆಳಗಿಸುವ ಯಂತ್ರ ಅಂತ ನೋಡಿದರೆ ನಿರಾಸೆ, ಬ್ಯಾಟರಿ ಬದಲಿಸಲು ಹೋಗಲಾಗದ ಜಾಗದ ಬ್ಯಾಟರಿ ಅಂತ ನೋಡಿದರೆ ಲಾಭ ಕಾಣುತ್ತದೆ.

ಅಮೆರಿಕದ ವಿಜ್ಞಾನಿ ಲೆನ್ನಿ ಟೆಂಡರ್ ಮತ್ತು ಅವರ ಜೊತೆಗಾರರು 2008ರಲ್ಲಿ ಒಂದು ವರದಿ ಪ್ರಕಟಿಸಿದರು. ಪೊಟೊಮ್ಯಾಕ್ ನದಿಯಲ್ಲಿ ಒಂದು ಹವಾಮಾನ ತೇಲುಬುರುಡೆ. ಗಾಳಿಯ ಉಷ್ಣತೆ, ಒತ್ತಡ, ತೇವಾಂಶ, ನೀರಿನ ಉಷ್ಣತೆ ಅಳೆದು ರೇಡಿಯೋದಲ್ಲಿ ಕಳಿಸುವಂಥದ್ದು. ಸರಾಸರಿ 18 ಮಿಲಿವ್ಯಾಟ್ ಸಾಕು ಅದಕ್ಕೆ. ನದಿತಳದ ಕೆಸರಿನ ಕೋಶವೇ ಅದನ್ನು ನಡೆಸಿತು. ಮೊದಲ ಕೋಶ 230 ಕೆಜಿ ತೂಕ, 24 ಮಿಲಿವ್ಯಾಟ್. 230 ಕೆಜಿಗೆ 24 ಮಿಲಿವ್ಯಾಟ್ ಅಂದರೆ ನಗು ಬರುತ್ತದೆ. ಆದರೆ ನಗುವ ಮೊದಲು ಯೋಚಿಸಿ, ಅಲ್ಲಿ ಯಾರೂ ಬ್ಯಾಟರಿ ಹೊತ್ತುಕೊಂಡು ಹೋಗಬೇಕಾಗಿಲ್ಲ. ಸಮುದ್ರದಲ್ಲಿ ಬ್ಯಾಟರಿಗಿಂತ ಬೋಟಿನ ಡೀಸೆಲ್ಲಿಗೇ ಖರ್ಚು ಜಾಸ್ತಿ.

ನಮ್ಮ ಗಜನಿಗಳಲ್ಲಿ ಹೀಗೇ ಒಂದು ಕೆಲಸ ಕಾದಿದೆ ಅಂತ ನನ್ನ ಅಭಿಪ್ರಾಯ. ಉಪ್ಪುನೀರು ತಡೆಯಲು ಕಟ್ಟಿದ ಖಾರ್‌ಲ್ಯಾಂಡ್ ಕಟ್ಟೆಯ ಒಳಗೆ ನೀರು ಎಷ್ಟು ಉಪ್ಪಾಗಿದೆ ಅಂತ ಗಂಟೆಗೊಂದು ಸಲ ಅಳೆದು ಒಂದು ಸಣ್ಣ ಸಂದೇಶ ಕಳಿಸುವ ಪೆಟ್ಟಿಗೆ. ಕಗ್ಗ ಭತ್ತ ಉಪ್ಪು ತಡೆಯುತ್ತದೆ ನಿಜ, ಆದರೆ ಯಾವಾಗ ಬಿತ್ತಬೇಕು ಅನ್ನುವುದು ಉಪ್ಪು ಎಷ್ಟು ತೊಳೆದುಹೋಗಿದೆ ಅನ್ನುವುದರ ಮೇಲೆ ನಿಂತಿದೆ. ಗದ್ದೆಯಿಂದಲೂ ಕರೆಂಟು ಬರುತ್ತದೆ. ಜಪಾನಿನಲ್ಲಿ 2008ರಲ್ಲಿ ಭತ್ತದ ಗದ್ದೆಯಲ್ಲೇ ಕಡ್ಡಿ ಹುಗಿದು ತೋರಿಸಿದ್ದಾರೆ. ಬೇರು ಬಿಡುವ ಸಕ್ಕರೆಯಂಥ ವಸ್ತು ಬ್ಯಾಕ್ಟೀರಿಯಾಗಳಿಗೆ ಸಿಗುವುದರಿಂದ ಬಿಸಿಲಿದ್ದಾಗ ಕರೆಂಟು ಏರುತ್ತದೆ.

ಇನ್ನೊಂದು ಉಪಯೋಗ ಕೊಳೆ ನೀರು. ಶುದ್ಧೀಕರಣ ಘಟಕಗಳಲ್ಲಿ ಗಾಳಿ ಊದುವ ಮೋಟಾರುಗಳೇ ಹೆಚ್ಚು ಕರೆಂಟು ತಿನ್ನುವುದು. ಈ ಕೋಶದಲ್ಲಿ ಗಾಳಿ ಊದದೆಯೇ ಕೊಳೆ ಕಡಿಮೆಯಾಗುತ್ತದೆ. ಬಂದ ಕರೆಂಟಿಗಿಂತ ಉಳಿದ ಕರೆಂಟೇ ಲಾಭ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯೊಯಾನಿಸ್ ಯೆರೊಪೌಲೊಸ್ ಅವರ ತಂಡ 2013ರಲ್ಲಿ ಮೂತ್ರದಿಂದ ಮೊಬೈಲ್ ಚಾರ್ಜ್ ಮಾಡಿತು. 2015ರಲ್ಲಿ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಮೂತ್ರಾಲಯಕ್ಕೆ ಅಲ್ಲಿನ ಮೂತ್ರದಿಂದಲೇ ದೀಪ ಹಾಕಿತು. ಅವರು ಬಳಸಿದ್ದೂ ಸುಟ್ಟ ಮಣ್ಣಿನ ಕೊಳವೆಗಳನ್ನೇ.

ಸಮುದ್ರದ ಕೆಸರು ಒಳ್ಳೆಯದಾ, ಕೆರೆ ಕೆಸರಾ?
– ನಿವೃತ್ತ ನೌಕರರು, ಭಟ್ಕಳ

ಕರೆಂಟಿಗೆ ಸಮುದ್ರದ್ದು. ವೋಲ್ಟೇಜನ್ನು ಟ್ಯಾಂಕಿನ ಎತ್ತರ ಅಂದುಕೊಳ್ಳಿ, ಒಳಗಿನ ತಡೆ ಅಂದರೆ ಪೈಪಿನ ಕಿರಿದು. ಟ್ಯಾಂಕು ಎಷ್ಟೇ ಎತ್ತರ ಇರಲಿ, ಪೈಪು ಕಿರಿದಾದರೆ ಬಕೆಟ್ ತುಂಬುವುದಿಲ್ಲ. ಸಮುದ್ರದ ನೀರು ಬಾವಿ ನೀರಿಗಿಂತ ನೂರು ಪಟ್ಟು ಚೆನ್ನಾಗಿ ಕರೆಂಟು ಹರಿಸುತ್ತದೆ, ಪೈಪು ಅಗಲವಾಗುತ್ತದೆ. ಮಳೆಗಾಲದಲ್ಲಿ ಅಳಿವೆಗಳಲ್ಲಿ ಸಿಹಿನೀರು ತುಂಬಿದಾಗ ಮತ್ತೆ ಕಿರಿದು. ಇಳಿತದಲ್ಲಿ ಮೇಲಿನ ಕಡ್ಡಿ ಒಣಗಿ ನಿಂತರೆ ಕರೆಂಟೇ ಇಲ್ಲ, ಅದಕ್ಕೇ ಅದನ್ನು ತೇಲುವ ಹಾಗೆ ಕಟ್ಟಬೇಕು. ತೇಲಿಬಿಟ್ಟ ಕಡ್ಡಿಗೆ ಚಿಪ್ಪು ಜೀವಿಗಳು ಮೆತ್ತಿಕೊಳ್ಳುತ್ತವೆ, ಆಗಾಗ ಕೆರೆದು ತೆಗೆಯಿರಿ. ನಮ್ಮ ಕಡೆಯ ಸೆಖೆ ಬ್ಯಾಕ್ಟೀರಿಯಾಗಳಿಗೆ ಇಷ್ಟ. ಚಳಿ ದೇಶದವರಿಗೆ ಇಲ್ಲದ ಅನುಕೂಲ ಅದೊಂದಿದೆ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರು ಒಳ್ಳೆಯದಂತೆ. ತರಬಹುದಾ?
– ಹೆಸರು ಬರೆದಿಲ್ಲ, ಮಿರ್ಜಾನ

ಕೆಸರು ಚೆನ್ನಾಗಿರುತ್ತದೆ, ಎಲೆ ಕೊಳೆತು ಊಟ ತುಂಬಿರುತ್ತದೆ. ಆದರೂ ಕಾಂಡ್ಲಾ ಬುಡ ಅಗೆಯಬೇಡಿ. ಕೆಸರಿನಿಂದ ಮೇಲೆ ಎದ್ದಿರುವ ಪೆನ್ಸಿಲ್ಲಿನಂಥ ಬೇರುಗಳು ಆ ಗಿಡದ ಉಸಿರು. ಅಘನಾಶಿನಿ ಅಳಿವೆ 2024ರಿಂದ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಯಲ್ಲಿದೆ, ಕಾನೂನಿನ ಕಣ್ಣೂ ಇದೆ. ಗಜನಿ ಇದ್ದವರನ್ನು ಕೇಳಿದರೆ ಕಾಲುವೆ ಬದಿಯ ಒಂದು ಬಕೆಟ್ ಕೆಸರು ಕೊಡುತ್ತಾರೆ. ಅಷ್ಟು ಸಾಕು.

ಮುಂದಿನ ತಿಂಗಳಿಗೆ: ಮಡಕೆ ಮಾಡಿದವರು ಅಳತೆ ಕಳಿಸಿ. ಎರಡು ಕಡ್ಡಿಗಳ ನಡುವೆ 1 ಕಿಲೋಓಮ್ ರೆಸಿಸ್ಟರ್ ಹಾಕಿ, ಹಾಕಿದ ಹಾಗೇ ಬಿಟ್ಟು, ದಿನಾ ಒಂದೇ ಹೊತ್ತಿಗೆ ಅದರ ಮೇಲಿನ ವೋಲ್ಟೇಜ್ ಬರೆದುಕೊಳ್ಳಿ. ವೋಲ್ಟೇಜನ್ನು ಅದರಿಂದಲೇ ಗುಣಿಸಿ ಸಾವಿರದಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 0.3 ವೋಲ್ಟ್ ಬಂದರೆ 0.09 ಮಿಲಿವ್ಯಾಟ್. ಕಡ್ಡಿ ಎಷ್ಟು, ಉದ್ದ ಎಷ್ಟು, ಕೆಸರು ಎಲ್ಲಿಯದು ಅಂತಲೂ ಬರೆಯಿರಿ. ರೆಸಿಸ್ಟರ್ ಇಲ್ಲದೆ ಬರೀ ವೋಲ್ಟೇಜ್ ಅಳೆದು ಕಳಿಸಿದ ಪತ್ರಗಳಿಗೆ ಉತ್ತರ ಇಲ್ಲ.